ಇಪ್ಪತ್ತೆಂಟನೆಯ ದಿನಕ್ಕೆ ನಿಂತುಹೋದ ಪ್ರಶ್ನೆಗಳು: ನ್ಯುಮೋನಿಯಾ ಚೇತರಿಕೆಯನ್ನು ಅಳೆಯುವ ಒಂದು ಸೇವೆಯ ವಿಮರ್ಶೆ

ನ್ಯುಮೋನಿಯಾಕ್ಕೆ ಆರು ದಿನ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಹೊರಟ ದಿನ ಡಿಸ್‌ಚಾರ್ಜ್ ಸಾರಾಂಶ, ಮಾತ್ರೆಗಳ ಚೀಟಿ, ಎಕ್ಸ್‌ರೇ ಲಕೋಟೆ ಇವುಗಳ ಜೊತೆಗೆ ನನ್ನ ಕೈಗೆ ಒಂದು ತೆಳ್ಳನೆಯ ಪುಸ್ತಿಕೆಯನ್ನೂ ಕೊಟ್ಟರು. ಅದರ ಪ್ರತಿ ಪುಟದಲ್ಲಿಯೂ ಅವೇ ಹದಿನೆಂಟು ಪ್ರಶ್ನೆಗಳಿದ್ದವು. ಒಂದೊಂದರ ಮುಂದೆಯೂ 0ಯಿಂದ 5ರವರೆಗಿನ ಮನೆಗಳಿದ್ದವು. ಮನೆಗೆ ಹೋದ ಮೂರನೆಯ, ಏಳನೆಯ, ಹದಿನಾಲ್ಕನೆಯ ಮತ್ತು ಇಪ್ಪತ್ತೆಂಟನೆಯ ದಿನಗಳಂದು ಆಸ್ಪತ್ರೆಯ ಅನುಸರಣಾ ವಿಭಾಗದಿಂದ ಫೋನು ಬರುತ್ತದೆಂದೂ, ಅಷ್ಟರೊಳಗೆ ಆಯಾ ದಿನದ ಪುಟವನ್ನು ತುಂಬಿಟ್ಟುಕೊಂಡು ಅಂಕಗಳನ್ನು ಓದಿ ಹೇಳಿದರೆ ಸಾಕೆಂದೂ, ನಾನು ಎಷ್ಟರಮಟ್ಟಿಗೆ ಸುಧಾರಿಸಿಕೊಳ್ಳುತ್ತಿದ್ದೇನೆ ಎಂಬುದನ್ನು ಅದರಿಂದ ಅಳೆಯಲಾಗುತ್ತದೆಂದೂ ತಿಳಿಸಿದರು. ಆ ಸೇವೆಯನ್ನು ಈಗ ಪೂರ್ತಿಯಾಗಿ ಬಳಸಿ ಮುಗಿಸಿದ್ದೇನೆ. ಅದಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುವ ಸಂದೇಶ ಇದುವರೆಗೆ ಮೂರು ಸಲ ಬಂದಿದೆ. ಒಂದು ಅಂಕೆಯಲ್ಲಿ ಹೇಳಿ ಮುಗಿಸಲು ಬಾರದ ವಿಷಯವಾದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಅಳತೆಗೇ ಸೇರಿದವು.

ರೋಗಿಯ ಬಾಯಿಂದಲೇ ಕೇಳಿ ಅಳೆಯುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಮೊದಲಿಗೆ ನನಗೂ ಇತ್ತು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನನ್ನ ಸ್ಥಿತಿಯನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ, ಯಂತ್ರಗಳು ಹೇಳುತ್ತಿದ್ದವು. ನ್ಯುಮೋನಿಯಾ ರೋಗಿಯ ಸ್ಥಿತಿ ಸ್ಥಿರವಾಗಿದೆ ಎನ್ನಲು ವೈದ್ಯರು ನೋಡುವ ಲೆಕ್ಕಗಳು ಸಾಕಷ್ಟು ಖಚಿತವಾಗಿವೆ: ಮೈಯ ಉಷ್ಣತೆ 37.8 ಡಿಗ್ರಿ ಸೆಲ್ಸಿಯಸ್ ದಾಟಬಾರದು, ನಾಡಿ ನಿಮಿಷಕ್ಕೆ 100ರ ಒಳಗಿರಬೇಕು, ಉಸಿರಾಟ ನಿಮಿಷಕ್ಕೆ 24ನ್ನು ಮೀರಬಾರದು, ರಕ್ತದೊತ್ತಡದ ಮೇಲಿನ ಅಂಕೆ 90ಕ್ಕಿಂತ ಕೆಳಗಿಳಿಯಬಾರದು, ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಬಾಯಿಂದ ಆಹಾರ ಸೇರಬೇಕು, ಬುದ್ಧಿ ನೆಟ್ಟಗಿರಬೇಕು. ನಾಲ್ಕನೆಯ ದಿನದ ಹೊತ್ತಿಗೆ ನಾನು ಇವೆಲ್ಲದರಲ್ಲಿಯೂ ಉತ್ತೀರ್ಣನಾಗಿದ್ದೆ. ಅದೇ ದಿನ ಹಾಸಿಗೆಯಿಂದ ಬಚ್ಚಲುಮನೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಿದ್ದೆ. ಆ ಗೋಡೆ ಹಿಡಿದದ್ದು ಯಾವ ಚಾರ್ಟಿನಲ್ಲಿಯೂ ದಾಖಲಾಗಲಿಲ್ಲ. ಎಕ್ಸ್‌ರೇ ಕೂಡ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ತುಂಬಿಕೊಂಡ ದ್ರವವನ್ನೂ ಸತ್ತ ಕೋಶಗಳನ್ನೂ ದೇಹ ನಿಧಾನವಾಗಿ ತೆರವುಗೊಳಿಸುವುದರಿಂದ ಚಿತ್ರದ ಮೇಲಿನ ಬಿಳಿ ಮಬ್ಬು ರೋಗಿ ಸುಧಾರಿಸಿದ ಮೇಲೂ, ವಿಶೇಷವಾಗಿ ವಯಸ್ಸಾದವರಲ್ಲಿ, ಹಲವು ವಾರ ಉಳಿಯಬಹುದು. ಐದರಿಂದ ಏಳು ದಿನಗಳಲ್ಲಿ ಲಕ್ಷಣಗಳು ಇಳಿದುಹೋದವರಿಗೆ ಮತ್ತೆ ಎಕ್ಸ್‌ರೇ ತೆಗೆಯುವುದನ್ನು ವಾಡಿಕೆ ಮಾಡಿಕೊಳ್ಳಬೇಕಿಲ್ಲ ಎಂದು ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ತಜ್ಞರ ಸಂಘಗಳು 2019ರ ಮಾರ್ಗಸೂಚಿಯಲ್ಲಿ ಹೇಳಿವೆ. ಹಾಗಿರುವಾಗ ಮನೆಗೆ ಹೋದ ಮನುಷ್ಯನ ಸ್ಥಿತಿ ಏನೆಂದು ತಿಳಿಯಲು ಅವನನ್ನೇ ಕೇಳುವುದು ಬಿಟ್ಟರೆ ಹೆಚ್ಚಿನ ದಾರಿಗಳಿಲ್ಲ. ಕೇಳುವ ಕ್ರಮವೊಂದು ಇರಬೇಕು, ಅಷ್ಟೆ.

ಪುಸ್ತಿಕೆಯ ಮೊದಲ ಪುಟದಲ್ಲಿ ಈ ಪ್ರಶ್ನೆಗಳು ಕ್ಯಾಪ್-ಸಿಮ್ ಎಂಬ ಪ್ರಶ್ನಾವಳಿಯ ಮಾದರಿಯಲ್ಲಿವೆ ಎಂದು ಬರೆದಿತ್ತು. ಇದು 2002ರಲ್ಲಿ ಪ್ರಕಟವಾದ ಉಪಕರಣ. ಆಸ್ಪತ್ರೆಯ ಹೊರಗೆ ತಗಲಿದ ನ್ಯುಮೋನಿಯಾದಿಂದ ಬಳಲುವವರಿಗೆಂದೇ ರೂಪಿಸಿದ್ದು. ಕೆಮ್ಮು, ಎದೆನೋವು, ಏದುಸಿರು, ಕಫ, ಕಫದಲ್ಲಿ ರಕ್ತ, ಬೆವರು, ಚಳಿ, ತಲೆನೋವು, ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು, ಮೈಕೈ ನೋವು, ಹಸಿವಿಲ್ಲದಿರುವುದು, ಗಮನ ನಿಲ್ಲದಿರುವುದು, ಯೋಚನೆ ಓಡದಿರುವುದು, ನಿದ್ದೆ ಬಾರದಿರುವುದು, ಆಯಾಸ: ಹದಿನೆಂಟಕ್ಕೆ ಹದಿನೆಂಟೂ ಇವೇ. ಕಳೆದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇವು ಎಷ್ಟು ತೊಂದರೆ ಕೊಟ್ಟವು ಎಂಬುದಷ್ಟೇ ಪ್ರಶ್ನೆ. ಆ ಲಕ್ಷಣ ಇರಲೇ ಇಲ್ಲವಾದರೆ 0, ವಿಪರೀತವಾಗಿ ಕಾಡಿದ್ದರೆ 5.

ಈ ಉಪಕರಣದ ನಿಜವಾದ ಜಾಣತನ ಇರುವುದು ‘ತೊಂದರೆ’ ಎಂಬ ಆ ಪದದಲ್ಲಿ. ಕೆಮ್ಮು ದಿನಕ್ಕೆ ಎಷ್ಟು ಸಲ ಬಂತು ಎಂದು ಕೇಳಿದ್ದರೆ ನಾನು ಊಹಿಸಿ ಏನೋ ಒಂದು ಹೇಳುತ್ತಿದ್ದೆ. ಕೆಮ್ಮನ್ನು ಎಣಿಸಿಕೊಂಡು ಕೂರುವವರು ಯಾರೂ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಬಂದ ಒಂದೇ ಒಂದು ಕೆಮ್ಮು, ಪಕ್ಕೆಲುಬು ಹಿಡಿದುಕೊಂಡು ಎದ್ದು ಕೂರುವಂತೆ ಮಾಡಿದ್ದು, ಹಗಲಿನ ಮೂವತ್ತು ಕೆಮ್ಮಿಗಿಂತ ಹೆಚ್ಚು ತೊಂದರೆ ಕೊಟ್ಟಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಹಾಗೆಯೇ ಇಪ್ಪತ್ತನಾಲ್ಕು ಗಂಟೆಯ ಮಿತಿಯೂ ಸರಿಯಾಗಿದೆ. ಕಳೆದ ವಾರ ಹೇಗಿತ್ತು ಎಂದು ಕೇಳಿದರೆ ಮನಸ್ಸು ಆ ವಾರದ ಅತಿ ಕೆಟ್ಟ ಗಳಿಗೆಯನ್ನೋ ಅಥವಾ ಅಂದಿನ ಬೆಳಗನ್ನೋ ಹಿಡಿದು ಉತ್ತರಿಸುತ್ತದೆ. ನಿನ್ನೆಯಿಂದ ಇಂದಿನವರೆಗೆ ಎಂದರೆ ನೆನಪು ಅಷ್ಟಾಗಿ ಮೋಸ ಮಾಡುವುದಿಲ್ಲ.

ಇಷ್ಟು ಚೆನ್ನಾಗಿ ಕಟ್ಟಿದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗ ಮಾತ್ರ ಆ ವಿಭಾಗದವರು ಅವಸರ ಮಾಡಿದ್ದಾರೆ. ಉಸಿರಿನ ಪ್ರಶ್ನೆಯಲ್ಲಿ ‘ಉಬ್ಬಸ’ ಎಂದು ಅಚ್ಚಾಗಿತ್ತು. ಉಬ್ಬಸ ಎಂದರೆ ನನ್ನ ಕಿವಿಗೆ ಆಸ್ತಮಾ, ಎದೆಯಲ್ಲಿ ಸೀಟಿ ಊದಿದಂಥ ಸದ್ದು. ನನಗೆ ಅದು ಎಂದೂ ಇರಲಿಲ್ಲವಾದ್ದರಿಂದ ಮೂರನೆಯ ದಿನದ ಪುಟದಲ್ಲಿ ನಿಶ್ಚಿಂತೆಯಿಂದ 0 ಹಾಕಿದ್ದೆ. ನಾಲ್ಕು ಹೆಜ್ಜೆ ನಡೆದರೆ ಉಸಿರು ಮೇಲೆ ಮೇಲೆ ಬರುತ್ತಿತ್ತು, ಅದು ಬೇರೆ ಮಾತು ಎಂದುಕೊಂಡಿದ್ದೆ. ಫೋನಿನಲ್ಲಿ ಮಾತನಾಡಿದ ದಾದಿ ತಮ್ಮ ಮಾತಿನಲ್ಲಿ ಅದನ್ನು ಬಿಡಿಸಿ ಕೇಳಿದ ಮೇಲೆ 4 ಎಂದು ತಿದ್ದಿದೆ. ‘ಆಯಾಸ’ ಎಂಬಲ್ಲಿಯೂ ಇಂಥದೇ ತೊಡಕು. ಕೆಲಸ ಮಾಡಿ ದಣಿಯುವುದು ಒಂದು, ಏನೂ ಮಾಡದೆ ಕೈಕಾಲು ಸೋತುಹೋಗುವ ನಿಶ್ಶಕ್ತಿ ಇನ್ನೊಂದು. ಅದನ್ನು ನಾವು ಸುಸ್ತು ಎನ್ನುತ್ತೇವೆ. ನ್ಯುಮೋನಿಯಾದ ನಂತರ ಉಳಿಯುವುದು ಈ ಎರಡನೆಯದು. ಇಂಥ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವಾಗ ಒಬ್ಬರು ಅನುವಾದಿಸಿ, ಮತ್ತೊಬ್ಬರು ಅದನ್ನು ಮೂಲ ಭಾಷೆಗೆ ಮರಳಿಸಿ ಹೋಲಿಸಿ, ಆಮೇಲೆ ಕೆಲವು ರೋಗಿಗಳ ಮುಂದಿಟ್ಟು ‘ಈ ಪದ ಓದಿದಾಗ ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ ನೋಡುವ ರೂಢಿ ಇದೆ. ಕೊನೆಯ ಆ ಒಂದು ಹೆಜ್ಜೆಯನ್ನು ಇಟ್ಟಿದ್ದರೆ ಉಬ್ಬಸ ಅಲ್ಲಿ ಉಳಿಯುತ್ತಿರಲಿಲ್ಲ.

ಏಳನೆಯ ದಿನದ ಕರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹದಿನೆಂಟು ಅಂಕಗಳನ್ನು ಬರೆದುಕೊಂಡ ಮೇಲೆ ದಾದಿ ತಾವಾಗಿಯೇ ಒಂದು ಪ್ರಶ್ನೆ ಸೇರಿಸಿದರು.

‘ಸರ್, ಮೆಟ್ಟಿಲು ಹತ್ತುವಾಗ ಏದುಸಿರು ಬರ್ತಾ ಇದೆಯಾ?’

‘ಇಲ್ಲಮ್ಮ, ಈಗ ಏನೂ ಇಲ್ಲ,’ ಎಂದೆ.

ಪಕ್ಕದಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ ಹೇಳಿದಳು: ‘ಮೆಟ್ಟಿಲು ಹತ್ತಿದ್ದಾದರೂ ಯಾವಾಗ? ಮನೆಗೆ ಬಂದ ದಿನದಿಂದ ಹಾಸಿಗೆ ಕೆಳಗಿನ ಕೋಣೆಯಲ್ಲೇ ಇದೆಯಲ್ಲ.’

ನಾನು ಸುಳ್ಳು ಹೇಳಿರಲಿಲ್ಲ. ಏದುಸಿರು ಬಂದಿರಲಿಲ್ಲವೆಂಬುದು ನಿಜ. ಏಕೆಂದರೆ ಏದುಸಿರು ಬರಿಸುವ ಯಾವ ಕೆಲಸವನ್ನೂ ನಾನು ಮಾಡುತ್ತಿರಲಿಲ್ಲ. ಹಾಸಿಗೆ ಕೆಳಗಿಳಿದಿತ್ತು, ಸ್ನಾನಕ್ಕೆ ಬಚ್ಚಲಿನಲ್ಲಿ ಸ್ಟೂಲು ಬಂದಿತ್ತು, ಬೆಳಗಿನ ನಡಿಗೆ ನಿಂತಿತ್ತು, ಫೋನು ಕೂಡ ಕೈಗೆಟುಕುವಲ್ಲಿ ಇತ್ತು. ಕಾಯಿಲೆಯವನು ತನ್ನ ದಿನವನ್ನು ತನಗರಿವಿಲ್ಲದಂತೆ ಚಿಕ್ಕದು ಮಾಡಿಕೊಳ್ಳುತ್ತಾನೆ. ಆ ಚಿಕ್ಕ ದಿನದೊಳಗೆ ಲಕ್ಷಣಗಳಿಗೆ ತಲೆಯೆತ್ತಲು ಅವಕಾಶವೇ ಇರುವುದಿಲ್ಲ. ಪ್ರಶ್ನಾವಳಿ ಅದನ್ನು 0 ಎಂದು ಬರೆದುಕೊಳ್ಳುತ್ತದೆ, ಪೂರ್ತಿ ಗುಣವಾದವನಿಗೂ ಅದೇ 0. ಲಕ್ಷಣಗಳ ಪಟ್ಟಿಯ ಪಕ್ಕದಲ್ಲಿ ‘ಈ ಇಪ್ಪತ್ತನಾಲ್ಕು ಗಂಟೆಯಲ್ಲಿ ನೀವು ಮಾಡಿದ ಅತಿ ಶ್ರಮದ ಕೆಲಸ ಯಾವುದು’ ಎಂಬ ಒಂದೇ ಒಂದು ಸಾಲು ಇದ್ದಿದ್ದರೆ ಈ ಎರಡು ಸೊನ್ನೆಗಳನ್ನು ಬೇರ್ಪಡಿಸಬಹುದಿತ್ತು. ದಾದಿಯ ಆ ಹೆಚ್ಚಿನ ಪ್ರಶ್ನೆ ಆ ದಿಕ್ಕಿನದೇ ಆಗಿತ್ತು. ಆದರೆ ಅದು ನಮೂನೆಯಲ್ಲಿ ಇಲ್ಲದ್ದರಿಂದ, ಅದಕ್ಕೆ ಸಿಕ್ಕ ಉತ್ತರ ಎಲ್ಲಿಯೂ ದಾಖಲಾಗಿರಲಾರದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಚೇತರಿಕೆ ಎಂದರೆ ಮೊದಲಿನಂತಾಗುವುದು. ಆದರೆ ನನ್ನ ‘ಮೊದಲು’ ಹೇಗಿತ್ತು ಎಂದು ಈ ಪುಸ್ತಿಕೆ ಎಲ್ಲಿಯೂ ಕೇಳಲಿಲ್ಲ. ನನಗೆ ವರ್ಷಗಳಿಂದ ಬೆಳಗಿನ ಹೊತ್ತು ಸ್ವಲ್ಪ ಕೆಮ್ಮು, ಸ್ವಲ್ಪ ಕಫ ಇರುತ್ತಿತ್ತು. ನಿದ್ದೆಯೂ ಅರವತ್ತು ದಾಟಿದ ಮೇಲೆ ತೆಳುವಾಗಿಯೇ ಇದೆ. ನ್ಯುಮೋನಿಯಾ ಬರುವ ಹಿಂದಿನ ದಿನ ಈ ಪುಟವನ್ನು ತುಂಬಿದ್ದರೆ ನನ್ನ ಮೊತ್ತ ಮೂರೋ ನಾಲ್ಕೋ ಆಗುತ್ತಿತ್ತೇ ಹೊರತು ಸೊನ್ನೆ ಆಗುತ್ತಿರಲಿಲ್ಲ. ಹಾಗಾದರೆ ನಾನು ತಲುಪಬೇಕಾದ ಗುರಿ ಯಾವುದು? ಸಿಗರೇಟಿನಿಂದ ಶ್ವಾಸಕೋಶ ಹಾಳಾದವರಿಗೆ, ಹೃದಯ ದುರ್ಬಲವಾದವರಿಗೆ ಈ ಪ್ರಶ್ನೆ ಇನ್ನೂ ತೀವ್ರವಾದದ್ದು, ಅವರು ಎಷ್ಟೇ ಗುಣವಾದರೂ ಹಾಳೆಯ ಮೇಲೆ ಸದಾ ರೋಗಿಗಳಾಗಿಯೇ ಉಳಿಯುತ್ತಾರೆ. ಆಸ್ಪತ್ರೆಗೆ ಸೇರಿದ ಒಂದೆರಡು ದಿನಗಳಲ್ಲಿ, ನೆನಪು ಹಸಿಯಾಗಿರುವಾಗಲೇ, ‘ಈ ಕಾಯಿಲೆಗೆ ಮುಂಚೆ ನೀವು ಹೇಗಿದ್ದಿರಿ’ ಎಂದು ಅದೇ ಹದಿನೆಂಟು ಪ್ರಶ್ನೆಗಳನ್ನು ಕೇಳಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಆ ಉತ್ತರದಲ್ಲಿಯೂ ದೋಷ ಇರುತ್ತದೆ, ಒಪ್ಪುತ್ತೇನೆ. ಜ್ವರದಲ್ಲಿ ಮಲಗಿದವನಿಗೆ ತನ್ನ ಹಿಂದಿನ ಆರೋಗ್ಯ ಇದ್ದದ್ದಕ್ಕಿಂತ ಸೊಗಸಾಗಿ ಕಾಣುತ್ತದೆ. ಹಾಗಿದ್ದರೂ ಗುರಿಯೇ ಇಲ್ಲದೆ ಅಳೆಯುವುದಕ್ಕಿಂತ ಸ್ವಲ್ಪ ಬಣ್ಣ ಹಚ್ಚಿದ ಗುರಿ ಇಟ್ಟುಕೊಂಡು ಅಳೆಯುವುದು ಲೇಸು.

ನನ್ನ ಅಂಕಗಳನ್ನು ಇಲ್ಲಿ ಕೊಡುತ್ತೇನೆ. ಗರಿಷ್ಠ 90ರಲ್ಲಿ ಮೂರನೆಯ ದಿನ 41, ಏಳನೆಯ ದಿನ 27, ಹದಿನಾಲ್ಕನೆಯ ದಿನ 15, ಇಪ್ಪತ್ತೆಂಟನೆಯ ದಿನ 9. ಗೆರೆ ಎಳೆದು ನೋಡಿದರೆ ಇಳಿಜಾರು ಸುಂದರವಾಗಿದೆ, ದಾದಿ ಕೊನೆಯ ಕರೆಯಲ್ಲಿ ‘ತುಂಬಾ ಚೆನ್ನಾಗಿ ಸುಧಾರಿಸಿದ್ದೀರಿ ಸರ್’ ಎಂದು ಮನಸಾರೆ ಹೇಳಿದರು. ಆದರೆ ಆ 9ರೊಳಗೆ ಏನೇನಿತ್ತು? ಆಯಾಸಕ್ಕೆ 3, ನಿದ್ದೆಗೆ 2, ಗಮನ ನಿಲ್ಲದ್ದಕ್ಕೆ 2, ಕೆಮ್ಮಿಗೆ 1, ಏದುಸಿರಿಗೆ 1. ಎದೆನೋವಿಗೆ 5, ಕಫದಲ್ಲಿ ರಕ್ತಕ್ಕೆ 4 ಹಾಕಿದ ಇನ್ನೊಬ್ಬರ ಮೊತ್ತವೂ 9ಯೇ ಆಗುತ್ತದೆ, ಅವರನ್ನು ಮಾತ್ರ ಅಂದೇ ಆಸ್ಪತ್ರೆಗೆ ಕರೆಸಬೇಕು. ಅಲ್ಲದೆ ವಾಂತಿ, ಭೇದಿ, ಹೊಟ್ಟೆನೋವುಗಳಂಥ ಪ್ರಶ್ನೆಗಳಿಗೆ ನಾನು ಮೊದಲ ದಿನದಿಂದ ಕೊನೆಯವರೆಗೂ ಸೊನ್ನೆಯನ್ನೇ ಹಾಕಿದ್ದೆ. ಎಂದೂ ಇಲ್ಲದಿದ್ದ ತೊಂದರೆಗಳ ಸೊನ್ನೆಗಳೂ ಮೊತ್ತದಲ್ಲಿ ಕುಳಿತು, ಇದ್ದ ತೊಂದರೆಯನ್ನು ಸಣ್ಣದಾಗಿ ತೋರಿಸುತ್ತವೆ. ಹದಿನೆಂಟು ಅಂಕಗಳನ್ನು ಕಷ್ಟಪಟ್ಟು ಬೇರೆಬೇರೆಯಾಗಿ ಕೇಳಿಸಿಕೊಂಡು ಕೊನೆಗೆ ಒಟ್ಟು ಮೊತ್ತವನ್ನು ಮಾತ್ರ ಇಟ್ಟುಕೊಳ್ಳುವುದು ನನಗೆ ಅರ್ಥವಾಗದ ಮಿತವ್ಯಯ.

ಇದಕ್ಕೆ ಹೋಲಿಸಿ ನೋಡಬಹುದಾದ ಇನ್ನೊಂದು ಉಪಕರಣವಿದೆ. ನೆದರ್ಲೆಂಡ್ಸ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಕ್ಯಾಪ್ ಸ್ಕೋರ್ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಎಂಟೇ ಪ್ರಶ್ನೆ. ಅಂಕ 0ಯಿಂದ 100ರವರೆಗೆ, 100 ಎಂದರೆ ಯಾವ ಲಕ್ಷಣವೂ ಇಲ್ಲ. ಅದರ ಹೆಚ್ಚುಗಾರಿಕೆ ಚಿಕ್ಕದಾಗಿರುವುದರಲ್ಲಿ ಮಾತ್ರವಲ್ಲ, ಉಸಿರಾಟದ ಲಕ್ಷಣಗಳನ್ನೂ ಒಟ್ಟಾರೆ ಕ್ಷೇಮವನ್ನೂ ಎರಡು ಭಾಗ ಮಾಡಿ ಲೆಕ್ಕ ಹಾಕುವುದರಲ್ಲಿ ಇದೆ. ಸೌಮ್ಯದಿಂದ ಮಧ್ಯಮ ತೀವ್ರತೆಯ ನ್ಯುಮೋನಿಯಾ ಇದ್ದವರನ್ನು ಅದೇ ತಂಡ ಆ ಪ್ರಶ್ನಾವಳಿ ಹಿಡಿದು ಹಿಂಬಾಲಿಸಿದಾಗ ಉಸಿರಾಟದ ಲಕ್ಷಣಗಳು ಸುಮಾರು ಹದಿನಾಲ್ಕು ದಿನಗಳಲ್ಲಿ ಇಳಿದವು. ಕ್ಷೇಮದ ಭಾಗ ಹಿಂದಿನ ಮಟ್ಟಕ್ಕೆ ಬರಲು ಆರು ತಿಂಗಳು ಹಿಡಿಯಿತು. 2006ರಲ್ಲಿ ಇದು ಪ್ರಕಟವಾಯಿತು. ಎರಡನ್ನೂ ಕೂಡಿಸಿಬಿಟ್ಟಿದ್ದರೆ ಈ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಮಟ್ಟಿಗೂ ಅದೇ ಆಯಿತು: ಕೆಮ್ಮು, ಕಫ, ಎದೆನೋವುಗಳು ಎರಡು ವಾರಗಳಲ್ಲಿ ಬಹುಪಾಲು ಹೋದವು, ಸುಸ್ತು ಮತ್ತು ಓದಿದ್ದು ತಲೆಗೆ ಹತ್ತದಿರುವುದು ಉಳಿದುಕೊಂಡವು. ಪತ್ರಿಕೆಯ ಒಂದೇ ಪ್ಯಾರಾವನ್ನು ಮೂರು ಸಲ ಓದಿ ಮಡಚಿಟ್ಟ ದಿನಗಳು ಎರಡನೆಯ ತಿಂಗಳಿನಲ್ಲಿಯೂ ಇದ್ದವು.

ಆ ಎರಡನೆಯ ತಿಂಗಳಿನಲ್ಲಿ ಯಾರೂ ಫೋನು ಮಾಡಲಿಲ್ಲ. ಈ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪಣೆ ಇದೇ. ಬ್ರಿಟನ್ನಿನ ನೈಸ್ ಸಂಸ್ಥೆ 2014ರ ತನ್ನ ಮಾರ್ಗಸೂಚಿಯಲ್ಲಿ ರೋಗಿಗಳಿಗೆ ತಿಳಿಸಬೇಕಾದ ಒಂದು ಸರಳ ಕಾಲಕ್ರಮವನ್ನು ಕೊಟ್ಟಿದೆ: ಒಂದು ವಾರಕ್ಕೆ ಜ್ವರ ಹೋಗಿರಬೇಕು, ನಾಲ್ಕು ವಾರಕ್ಕೆ ಎದೆನೋವು ಮತ್ತು ಕಫ ಬಹಳವಾಗಿ ತಗ್ಗಿರಬೇಕು, ಆರು ವಾರಕ್ಕೆ ಕೆಮ್ಮು ಮತ್ತು ಏದುಸಿರು ಬಹಳವಾಗಿ ತಗ್ಗಿರಬೇಕು, ಮೂರು ತಿಂಗಳಿಗೆ ಹೆಚ್ಚಿನ ಲಕ್ಷಣಗಳು ಹೋಗಿದ್ದರೂ ಆಯಾಸ ಉಳಿದಿರಬಹುದು, ಆರು ತಿಂಗಳಿಗೆ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಈ ಐದು ಸಾಲುಗಳು ಪುಸ್ತಿಕೆಯ ರಟ್ಟಿನ ಮೇಲೆ ಅಚ್ಚಾಗಿದ್ದರೆ ನಾನು ಹಲವು ರಾತ್ರಿಗಳ ಕಳವಳವನ್ನು ಉಳಿಸಿಕೊಳ್ಳುತ್ತಿದ್ದೆ. ಕರೆಗಳ ವೇಳಾಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ: ನಾಲ್ಕೂ ಕರೆಗಳು ಮೊದಲ ಎರಡು ಸಾಲುಗಳಲ್ಲಿಯೇ ಮುಗಿದುಹೋಗುತ್ತವೆ. ಚೇತರಿಕೆಯ ಉದ್ದನೆಯ ಭಾಗ ಶುರುವಾಗುವ ಹೊತ್ತಿಗೆ ಅಳತೆಗೋಲನ್ನು ಮಡಚಿ ಒಳಗಿಡಲಾಗಿತ್ತು.

ಇಂಥ ವೇಳಾಪಟ್ಟಿ ಎಲ್ಲಿಂದ ಬಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೊಸ ಆಂಟಿಬಯೋಟಿಕ್‌ಗಳನ್ನು ಪರೀಕ್ಷಿಸುವವರಿಗೆ ಮೊದಲ ದಿನಗಳೇ ಮುಖ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದ ಔಷಧ ಪ್ರಯೋಗಗಳಲ್ಲಿ, ಚಿಕಿತ್ಸೆ ಶುರುವಾದ ಮೂರರಿಂದ ಐದನೆಯ ದಿನದೊಳಗೆ ಎದೆನೋವು, ಕೆಮ್ಮು, ಕಫ, ಏದುಸಿರು ಈ ನಾಲ್ಕರಲ್ಲಿ ಕನಿಷ್ಠ ಎರಡಾದರೂ ತಗ್ಗಿವೆಯೇ ಎಂದು ನೋಡಲು ಹೇಳುತ್ತದೆ. ಅದಕ್ಕೆ ಸಕಾರಣವಿದೆ. ಒಂದು ತಿಂಗಳು ಬಿಟ್ಟು ಕೇಳಿದರೆ ಒಳ್ಳೆಯ ಔಷಧಿ ತೆಗೆದುಕೊಂಡವರೂ ಸಾಧಾರಣ ಔಷಧಿ ತೆಗೆದುಕೊಂಡವರೂ ಸರಿಸುಮಾರು ಒಂದೇ ಮಟ್ಟದಲ್ಲಿರುತ್ತಾರೆ. ವ್ಯತ್ಯಾಸ ಕಾಣುವುದು ಆರಂಭದಲ್ಲಿಯೇ. ಆ ನಾಲ್ಕರಲ್ಲಿ ಆಯಾಸ ಇಲ್ಲ ಎಂಬುದನ್ನೂ ಗಮನಿಸಬೇಕು. ಔಷಧಿಯ ತಾಕತ್ತನ್ನು ತೂಗಲು ಅದರ ಅಗತ್ಯವಿಲ್ಲ. ಆದರೆ ನನ್ನ ಆಸ್ಪತ್ರೆ ಔಷಧಿಯನ್ನು ಪರೀಕ್ಷಿಸುತ್ತಿರಲಿಲ್ಲ, ನಾನು ಸುಧಾರಿಸಿದ್ದೇನೆಯೇ ಎಂದು ತಿಳಿಯಬಯಸಿತ್ತು. ಔಷಧಿಯ ಪ್ರಶ್ನೆಗೆ ಒದಗುವ ದಿನಗಳನ್ನು ಮನುಷ್ಯನ ಪ್ರಶ್ನೆಗೂ ಹಾಗೆಯೇ ಎತ್ತಿಕೊಂಡಿದ್ದರಿಂದ, ನಾನು ಅತಿ ಹೆಚ್ಚು ಹೇಳಬೇಕಾಗಿದ್ದ ಹೊತ್ತಿನಲ್ಲಿ ಕೇಳುವವರು ಇರಲಿಲ್ಲ. 1997ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ಕೆಮ್ಮು, ಕಫ, ಏದುಸಿರು, ಎದೆನೋವು, ಆಯಾಸ ಎಂಬ ಐದೇ ಲಕ್ಷಣಗಳನ್ನು ಹಿಡಿದು ರೋಗಿಗಳನ್ನು ತೊಂಬತ್ತು ದಿನಗಳವರೆಗೆ ವಿಚಾರಿಸಿದ್ದರು. ಪ್ರಶ್ನೆಗಳನ್ನು ಕಡಿಮೆ ಮಾಡಿ ದಿನಗಳನ್ನು ಹೆಚ್ಚು ಮಾಡುವುದು ಅಸಾಧ್ಯವೇನಲ್ಲ.

ಹನ್ನೊಂದನೆಯ ದಿನ ನಡೆದದ್ದನ್ನು ಹೇಳದೆ ಬಿಡುವಂತಿಲ್ಲ. ಹೋದ ಜ್ವರ ಅಂದು ಸಂಜೆ ಮರಳಿ ಬಂತು. ಆಳವಾಗಿ ಉಸಿರೆಳೆದರೆ ಬಲಪಕ್ಕೆಯಲ್ಲಿ ಚುಚ್ಚಿದಂತಾಗುತ್ತಿತ್ತು. ಅಂದು ಕರೆಯ ದಿನವಾಗಿರಲಿಲ್ಲ. ಪುಸ್ತಿಕೆಯ ಹಿಂಬದಿಯಲ್ಲಿದ್ದ ಸಂಖ್ಯೆಗೆ, ಸಂದೇಹಗಳಿದ್ದರೆ ತಿಳಿಸಿ ಎಂದು ಬರೆದಿತ್ತಾದ್ದರಿಂದ, ಎದೆನೋವು 4, ಚಳಿ 3 ಎಂದು ಸಂದೇಶ ಕಳಿಸಿದೆ. ತಕ್ಷಣ ಉತ್ತರ ಬಂತು: ‘ನಿಮ್ಮ ಅಮೂಲ್ಯ ಪ್ರತಿಕ್ರಿಯೆಗೆ ಧನ್ಯವಾದಗಳು.’ ಅಷ್ಟೇ. ಮರುದಿನ ಮಧ್ಯಾಹ್ನದವರೆಗೂ ಕಾದು ಆಮೇಲೆ ನಾನಾಗಿಯೇ ವೈದ್ಯರನ್ನು ಹೋಗಿ ಕಂಡೆ. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದ ಹೊರಪದರದಲ್ಲಿ ಸ್ವಲ್ಪ ನೀರು ಸೇರಿದ್ದು ಕಂಡಿತು, ತೆಗೆಯುವಷ್ಟು ಇರಲಿಲ್ಲ, ಔಷಧಿಯಲ್ಲಿಯೇ ಹೋಯಿತು. ನ್ಯುಮೋನಿಯಾದಲ್ಲಿ ಇದು ಅಪರೂಪವಲ್ಲ. ಆದರೆ ಆ ನೀರು ಕೀವಾದರೆ ನಳಿಕೆ ಹಾಕಿ ಹರಿಸಬೇಕಾಗುತ್ತದೆ. ಹಾಗಾಗಿ ಇಳಿದ ಜ್ವರ ಮತ್ತೆ ಏರುವುದನ್ನು ಕಡೆಗಣಿಸಬಾರದು. ಈ ಸೇವೆ ಅಳೆಯುವುದಕ್ಕೆ ಮಾತ್ರ, ಎಚ್ಚರಿಸುವುದಕ್ಕಲ್ಲ ಎನ್ನುವುದಾದರೆ ಅದನ್ನು ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಹೇಳಿಬಿಡಬೇಕು. ರೋಗಿ ತಾನು ಬರೆದದ್ದನ್ನು ಯಾರೋ ಓದುತ್ತಿದ್ದಾರೆಂದೇ ನಂಬುತ್ತಾನೆ. ನಂಬಿ ಒಂದು ದಿನ ಕಾಯುತ್ತಾನೆ.

ಕರೆ ಮಾಡುವವರ ಬಗ್ಗೆ ನನಗೆ ದೂರಿಲ್ಲ. ನಾಲ್ಕೂ ಸಲ ಒಬ್ಬರೇ ದಾದಿ ಮಾತನಾಡಿದರು, ಗದರಲಿಲ್ಲ, ಅವಸರಪಡಿಸಲಿಲ್ಲ. ಒಂದು ಸಣ್ಣ ಮಾತು ಮಾತ್ರ: ‘ಈಗ ಆರಾಮಾಗಿದ್ದೀರಲ್ಲವಾ ಸರ್’ ಎಂದು ಶುರು ಮಾಡಿದರೆ, ಅಷ್ಟು ಅಕ್ಕರೆಯಿಂದ ಕೇಳಿದವರಿಗೆ ಇಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ಹಾಳೆಯಲ್ಲಿ 3 ಇದ್ದದ್ದು ಬಾಯಲ್ಲಿ 2 ಆಗುತ್ತದೆ. ಹದಿನಾಲ್ಕನೆಯ ದಿನ ನಾನೇ ಹಾಗೆ ಮಾಡಿದ್ದೇನೆ. ರೋಗಿಯ ಸ್ಥಿತಿಯ ಬಗ್ಗೆ ರೋಗಿಯಿಂದಲೇ ನೇರವಾಗಿ, ವೈದ್ಯರಾಗಲಿ ಬೇರೆಯವರಾಗಲಿ ಅರ್ಥೈಸದೆ ಬಂದದ್ದು ಮಾತ್ರ ರೋಗಿಯ ವರದಿ ಎಂದು ಎಫ್‌ಡಿಎ 2009ರ ತನ್ನ ಮಾರ್ಗದರ್ಶಿಯಲ್ಲಿ ವ್ಯಾಖ್ಯಾನಿಸಿದೆ. ಆ ಕಟ್ಟುನಿಟ್ಟಿನ ಹಿಂದೆ ಇಂಥ ಸಂಕೋಚಗಳ ಅರಿವೂ ಇದ್ದಿರಬೇಕು. ಹಾಗೆ ನೋಡಿದರೆ ನನ್ನ ಹೆಂಡತಿಯ ಮಾತೂ ಆ ವ್ಯಾಖ್ಯಾನದ ಹೊರಗೇ ಉಳಿಯುತ್ತದೆ. ಆದರೆ ಮೆಟ್ಟಿಲಿನ ವಿಷಯದಲ್ಲಿ ನನಗಿಂತ ಸರಿಯಾದ ವರದಿ ಅವಳದೇ ಆಗಿತ್ತು. ಜ್ವರದಲ್ಲಿ ಬುದ್ಧಿ ಕಲಕಿದ ವೃದ್ಧರ ವಿಷಯದಲ್ಲಂತೂ ಮನೆಯವರ ಸಾಕ್ಷ್ಯವನ್ನು ಬಿಟ್ಟು ಮುಂದುವರಿಯಲಾಗದು. ಅದನ್ನು ರೋಗಿಯ ಅಂಕದೊಳಗೆ ಬೆರೆಸದೆ ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟುಕೊಂಡರೆ ಸಾಕು.

ಆರನೆಯ ವಾರ ವೈದ್ಯರ ಭೇಟಿಗೆ ಹೋದಾಗ ಅವರ ಮುಂದಿದ್ದ ಕಂಪ್ಯೂಟರಿನಲ್ಲಿ ನನ್ನ ಅಂಕಗಳು ಇರಲಿಲ್ಲ. ಅನುಸರಣಾ ವಿಭಾಗದ ಲೆಕ್ಕ ಬೇರೆ, ಹೊರರೋಗಿ ವಿಭಾಗದ ಲೆಕ್ಕ ಬೇರೆ ಎಂದು ತಿಳಿಯಿತು. ನಾನು ಪುಸ್ತಿಕೆಯನ್ನು ಚೀಲದಲ್ಲಿ ಒಯ್ದಿದ್ದೆ. ಅವರು ಮೊದಲು ಮೊತ್ತಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಪುಟ ತಿರುವಿ ಆಯಾಸದ ಸಾಲಿನ ಮೇಲೆ ಬೆರಳಿಟ್ಟು ನಾಲ್ಕೂ ದಿನಗಳನ್ನು ಓದಿದರು: 5, 4, 3, 3. ಉಳಿದ ಸಾಲುಗಳೆಲ್ಲ ಇಳಿಯುತ್ತ ಹೋಗಿರುವಾಗ ಈ ಸಾಲು ಮಾತ್ರ ನಿಂತುಬಿಟ್ಟದ್ದನ್ನು ಕಂಡು, ರಕ್ತದ ಪರೀಕ್ಷೆಗೆ ಬರೆದು, ಕಾಲು ಊದುತ್ತದೆಯೇ, ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಹೃದಯದ ಬಗ್ಗೆ ವಿಚಾರಿಸಿದರು. ನ್ಯುಮೋನಿಯಾದ ನಂತರದ ತಿಂಗಳುಗಳಲ್ಲಿ ಹೃದಯದ ತೊಂದರೆಗಳ ಸಂಭವ ಹೆಚ್ಚಿರುವುದರಿಂದ ಆ ಪ್ರಶ್ನೆ ಕೇಳಲೇಬೇಕಾದದ್ದು. ಎಲ್ಲವೂ ಸರಿಯಿತ್ತು. ಸ್ವಲ್ಪ ರಕ್ತಹೀನತೆ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಹಾಸಿಗೆಯಲ್ಲಿ ಕಳೆದ ದಿನಗಳಲ್ಲಿ ಸ್ನಾಯುಗಳು ಕರಗಿರುತ್ತವೆ, ದಿನಕ್ಕೆ ಇಷ್ಟಿಷ್ಟೇ ನಡೆಯಿರಿ ಎಂದರು. ಇಡೀ ಸೇವೆಯಲ್ಲಿ ನನ್ನ ಬರಹ ನನಗೆ ಉಪಯೋಗಕ್ಕೆ ಬಂದದ್ದು ಆ ಮೂರು ನಿಮಿಷಗಳಲ್ಲಿ. ಅಂಕಗಳನ್ನು ಬೇರೆಬೇರೆಯಾಗಿ, ಒಂದು ಸಾಲನ್ನು ಕಾಲದುದ್ದಕ್ಕೂ ಓದುವ ಒಬ್ಬರು ಇದ್ದರೆ ಈ ಉಪಕರಣ ಏನು ಮಾಡಬಲ್ಲದು ಎಂಬುದು ಅಂದು ತಿಳಿಯಿತು.

ಸಂದೇಶ ಕೇಳಿದ ನಕ್ಷತ್ರಗಳ ವಿಷಯ. ಪ್ರಶ್ನೆಗಳಿಗೆ ನಾಲ್ಕು, ಕನ್ನಡಕ್ಕೆ ಎರಡು, ಕರೆ ಮಾಡಿದ ದಾದಿಗೆ ಐದು, ವೇಳಾಪಟ್ಟಿಗೆ ಒಂದು. ಇವನ್ನು ಕೂಡಿಸಿ ಸರಾಸರಿ ತೆಗೆಯಬೇಡಿ ಎಂದು ಕೋರುತ್ತೇನೆ. ಈ ಬಗೆಯ ಪುಸ್ತಿಕೆ ನಿಮ್ಮ ಕೈಗೂ ಬಂದರೆ, ಮೊದಲ ಪುಟಕ್ಕೂ ಮುಂಚಿನ ಖಾಲಿ ಹಾಳೆಯಲ್ಲಿ ಕಾಯಿಲೆಗೆ ಮೊದಲಿನ ನಿಮ್ಮ ಅಂಕಗಳನ್ನು ಬರೆದುಕೊಳ್ಳಿ, ಪ್ರತಿ ಸಲ ಆ ದಿನ ಎಷ್ಟು ನಡೆದಿರಿ ಎಂಬುದನ್ನೂ ಅಂಚಿನಲ್ಲಿ ಗುರುತು ಹಾಕಿ, ವೈದ್ಯರ ಬಳಿಗೆ ಹೋಗುವಾಗ ಅದನ್ನು ತಪ್ಪದೆ ಒಯ್ಯಿರಿ.

ನಾನು ಆಸ್ಪತ್ರೆಯಿಂದ ಬಂದು ಕಳೆದ ವಾರಕ್ಕೆ ಆರು ತಿಂಗಳು ತುಂಬಿತು. ಆ ದಿನಕ್ಕೆ ಪುಸ್ತಿಕೆಯಲ್ಲಿ ಪುಟವಿಲ್ಲವಾದ್ದರಿಂದ ಹಿಂಬದಿಯ ರಟ್ಟಿನ ಮೇಲೆ, ಧನ್ಯವಾದ ಹೇಳಿದ ಆ ಸಂಖ್ಯೆಯ ಕೆಳಗೆ, ಪೆನ್ಸಿಲಿನಲ್ಲಿ ಬರೆದೆ: ಕೆಮ್ಮು 1, ಅದು ಬೆಳಗಿನ ಹಳೆಯ ಕೆಮ್ಮು. ಏದುಸಿರು 0, ಎರಡು ಅಂತಸ್ತು ಹತ್ತಿ ನೋಡಿ ಹಾಕಿದ ಸೊನ್ನೆ. ನಿದ್ದೆ 1. ಗಮನ 0. ಆಯಾಸ 1.